ಎಸೆಯುವುದಕ್ಕೆಂದೇ ಬರೆಯುವ ತಂತ್ರಾಂಶ

ಹೊಸ ಅಚ್ಚಿನಿಂದ ಬಂದ ಮೊದಲ ತುಣುಕುಗಳನ್ನು ಕಾರ್ಖಾನೆಗಳು ಮಾರಾಟಕ್ಕೆ ಕಳುಹಿಸುವುದಿಲ್ಲ. ಅಳತೆ ನೋಡಿ, ದೋಷ ತಿಳಿದು, ಗುಜರಿಗೆ ಹಾಕುತ್ತವೆ. ಅದು ಪೋಲೆಂದು ಯಾವ ಉದ್ಯಮಿಗೂ ಅನಿಸದು. ಆದರೆ ಬಿಲ್ಲಿಂಗ್ ತಂತ್ರಾಂಶ ಮಾಡಿಸುವಾಗ, ‘ಮೊದಲ ವಾರ ಬರೆದದ್ದನ್ನು ಎಸೆಯುತ್ತೇವೆ’ ಎಂದು ತಂತ್ರಜ್ಞರು ಹೇಳಿದರೆ ಅದೇ ಉದ್ಯಮಿಯ ಹುಬ್ಬು ಗಂಟಿಕ್ಕುತ್ತದೆ.

ಜಿ.ಎಸ್.ಟಿ. ಇ-ಇನ್‌ವಾಯ್ಸ್ ವ್ಯವಸ್ಥೆಯನ್ನೇ ನೋಡಬಹುದು. 2020ರ ಅಕ್ಟೋಬರ್ 1ರಂದು 500 ಕೋಟಿ ರೂ. ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಕಡ್ಡಾಯವಾದ ಈ ಕ್ರಮವು ಹಂತಹಂತವಾಗಿ ವಿಸ್ತರಿಸಿ, 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದವರನ್ನೂ ಒಳಗೊಂಡಿತು. ಬಿಲ್ಲು ಮುದ್ರಿಸುವುದಷ್ಟೇ ತಿಳಿದಿದ್ದ ತಂತ್ರಾಂಶವು ವಿವರಗಳನ್ನು ಜೇಸನ್ ನಮೂನೆಯಲ್ಲಿ ನೋಂದಣಿ ಪೋರ್ಟಲ್‌ಗೆ ಕಳುಹಿಸಿ, 64 ಅಕ್ಷರಗಳ ಉಲ್ಲೇಖ ಸಂಖ್ಯೆಯನ್ನೂ ಕ್ಯೂಆರ್ ಸಂಕೇತವನ್ನೂ ಮರಳಿ ಪಡೆಯಬೇಕಾಯಿತು. ಅನೇಕ ಸಣ್ಣ ತಂತ್ರಾಂಶ ಸಂಸ್ಥೆಗಳಿಗೆ ಇದು ಅಪರಿಚಿತ ಕ್ಷೇತ್ರ.

ಅನುಭವಿ ಪ್ರೋಗ್ರಾಮರ್ ಇಂಥಲ್ಲಿ ಮೂಲ ತಂತ್ರಾಂಶವನ್ನು ಮುಟ್ಟುವುದಿಲ್ಲ. ಪರದೆಯಿಲ್ಲದ, ದತ್ತಸಂಚಯವಿಲ್ಲದ ಪುಟ್ಟ ಪ್ರೋಗ್ರಾಂ ಬರೆದು, ಒಂದೇ ಒಂದು ಹುಸಿ ಬಿಲ್ಲನ್ನು ಪರೀಕ್ಷಾ ಪೋರ್ಟಲ್‌ಗೆ ಕಳುಹಿಸುತ್ತಾನೆ. ಅದು ತಿರಸ್ಕೃತವಾಗುತ್ತದೆ, ಪಿನ್‌ಕೋಡ್ ರಾಜ್ಯಕ್ಕೆ ಹೊಂದಿಲ್ಲ. ತಿದ್ದಿ ಕಳುಹಿಸಿದರೆ ಸಂಖ್ಯೆ ಬರುತ್ತದೆ. ಬೇಕೆಂದೇ ಅದೇ ಬಿಲ್ಲನ್ನು ಮತ್ತೆ ಕಳುಹಿಸಿದರೆ, ಈಗಾಗಲೇ ನೋಂದಣಿಯಾಗಿದೆ ಎಂಬ ಉತ್ತರ. ಹಾಗಾದರೆ ಬಿಲ್ಲು ತಲುಪಿ, ಉತ್ತರ ಬರುವ ಮೊದಲೇ ಇಂಟರ್‌ನೆಟ್ ಕಡಿದರೆ? ನೋಂದಣಿಯಾಯಿತೋ ಇಲ್ಲವೋ ಎಂದು ಪೋರ್ಟಲನ್ನೇ ಕೇಳುವ ಏರ್ಪಾಡು ಬೇಕು. ನೋಂದಣಿ ರದ್ದತಿಗೆ 24 ಗಂಟೆಗಳ ಗಡುವಿರುವುದರಿಂದ ಗುಮಾಸ್ತರಿಗೆ ಎಚ್ಚರಿಕೆ ನೀಡುವ ಪರದೆಯೂ ಬೇಕು. ಆ ವಾರದ ನಿಜವಾದ ಉತ್ಪನ್ನ ಈ ತಿಳಿವಳಿಕೆಯೇ ಹೊರತು ಪ್ರೋಗ್ರಾಂ ಅಲ್ಲ.

ವಿಚಾರ ಹೊಸದಲ್ಲ. ಐ.ಬಿ.ಎಂ.ನಲ್ಲಿ ಓಎಸ್/360 ಯೋಜನೆಯನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್, ಮೊದಲ ಆವೃತ್ತಿಯನ್ನು ಎಸೆಯುವ ಸಿದ್ಧತೆಯಿಂದಲೇ ಹೊರಡಬೇಕೆಂದು 1975ರಲ್ಲಿ ಬರೆದರು. 1995ರಲ್ಲಿ ಅವರೇ ಅದನ್ನು ತಿದ್ದಿಕೊಂಡರು: ಇಡೀ ವ್ಯವಸ್ಥೆಯನ್ನು ಕಟ್ಟಿ ಎಸೆಯುವುದಕ್ಕಿಂತ ಸ್ವಲ್ಪಸ್ವಲ್ಪವಾಗಿ ಬೆಳೆಸುವುದು ಲೇಸು. ಬ್ಯಾರಿ ಬೋಹ್ಮ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಏಳು ತಂಡಗಳು ಒಂದೇ ತಂತ್ರಾಂಶವನ್ನು ನಿರ್ಮಿಸಿದವು. ಮಾದರಿ ಕಟ್ಟಿ ಹೊರಟವರಿಗೆ ಸುಮಾರು ಶೇ. 45ರಷ್ಟು ಕಡಿಮೆ ಶ್ರಮ ತಗುಲಿತು. ಆದರೆ ದೃಢತೆಯಲ್ಲಿ ಅವರ ತಂತ್ರಾಂಶ ತುಸು ಹಿಂದೆ ಬಿತ್ತು.

ದೃಢತೆಯ ಈ ಕೊರತೆಯೇ ಅಪಾಯದ ಮೂಲ. ಪರದೆಯ ಮೇಲೆ ಕ್ಯೂಆರ್ ಸಂಕೇತ ಮೂಡಿದೊಡನೆ, ‘ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ನಾಳೆಯಿಂದ ಇದನ್ನೇ ಹಾಕಿಬಿಡಿ’ ಎನ್ನುವ ಮಾಲೀಕರು ವಿರಳರಲ್ಲ. ಪಾಸ್‌ವರ್ಡನ್ನು ತನ್ನೊಳಗೇ ಬರೆದಿಟ್ಟುಕೊಂಡ, ಸಂಪರ್ಕ ಕಡಿದರೆ ದಿಕ್ಕುಗಾಣದ ಆ ಪ್ರೋಗ್ರಾಂ ತಿಂಗಳ ಕೊನೆಯ ಸಂಜೆ ನಿಂತುಹೋದರೆ ಲಾರಿ ಗೇಟಿನಲ್ಲೇ ಉಳಿಯುತ್ತದೆ. ಉಲ್ಲೇಖ ಸಂಖ್ಯೆಯಿಲ್ಲದ ಬಿಲ್ಲನ್ನು ನಿಯಮವು ಬಿಲ್ಲೆಂದೇ ಪರಿಗಣಿಸುವುದಿಲ್ಲ. ಖರೀದಿದಾರನ ಹೂಡುವಳಿ ತೆರಿಗೆ ಜಮೆಯೂ ತೊಡಕಿಗೆ ಸಿಲುಕುತ್ತದೆ.

ಈ ಒತ್ತಡ ಬಲ್ಲ ಕೆಲವು ಪ್ರೋಗ್ರಾಮರ್‌ಗಳು ಮಾದರಿಯನ್ನು ಬೇಕೆಂದೇ ಬೇರೊಂದು ಭಾಷೆಯಲ್ಲಿ ಬರೆಯುತ್ತಾರೆ. ಮೂಲ ತಂತ್ರಾಂಶಕ್ಕೆ ಅದನ್ನು ಹೊಲಿಯಲು ಬಾರದು. ಮಾಲೀಕರ ಕಡೆಯಿಂದ ಆಗಬೇಕಾದದ್ದು ಇಷ್ಟೇ: ಕೊಟೇಶನ್‌ನಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಸಾಲು, ನಿಗದಿತ ದಿನಗಳು, ಉತ್ತರ ಸಿಗಬೇಕಾದ ಪ್ರಶ್ನೆಗಳ ಪಟ್ಟಿ. ಅವಧಿ ಮುಗಿದಾಗ ಕೇಳಿ ಪಡೆಯಬೇಕಾದದ್ದು ಆ ಉತ್ತರಗಳುಳ್ಳ ಒಂದೆರಡು ಹಾಳೆ.