ಗಾಳಿಕೊಳವೆ ಶುಚಿ ಮಾಡಿಸಬೇಕೇ?

ಅಮೆರಿಕದಲ್ಲಿರುವ ಮಗನ ಅಥವಾ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದವರಿಗೆ ಇದು ಗೊತ್ತು. ಅಲ್ಲಿನ ಬಹುಪಾಲು ಮನೆಗಳಲ್ಲಿ ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಇರುವ ಯಂತ್ರವೊಂದು ಮನೆಯೊಳಗಿನ ಗಾಳಿಯನ್ನೇ ಎಳೆದುಕೊಂಡು, ಬಿಸಿಯನ್ನೋ ತಂಪನ್ನೋ ಮಾಡಿ, ಕೊಳವೆಗಳ ಮೂಲಕ ಕೋಣೆ ಕೋಣೆಗೂ ಕಳುಹಿಸುತ್ತದೆ. ಈ ಕೊಳವೆಗಳಿಗೆ ಡಕ್ಟ್ ಎಂದು ಹೆಸರು. ಕಿಟಕಿ ತೆರೆಯಲಾಗದ ಚಳಿಗಾಲದಲ್ಲಿ ಮನೆಮಂದಿಯೆಲ್ಲ ಉಸಿರಾಡುವುದು ಇದೇ ಗಾಳಿಯನ್ನು.

ಒಂದು ದಿನ ಅಂಚೆಡಬ್ಬಿಗೆ ಜಾಹೀರಾತು ಬಂದು ಬೀಳುತ್ತದೆ. ನಿಮ್ಮ ಡಕ್ಟ್‌ಗಳಲ್ಲಿ ವರ್ಷಗಳ ದೂಳು ತುಂಬಿದೆ, ಮಕ್ಕಳ ಅಲರ್ಜಿಗೆ ಅದೇ ಮೂಲ, ಕೇವಲ 99 ಡಾಲರಿಗೆ ಶುಚಿ ಮಾಡಿಕೊಡುತ್ತೇವೆ ಎಂದು. ಅದೇ ವಾರ ಮೊಮ್ಮಗ ರಾತ್ರಿಯಿಡೀ ಕೆಮ್ಮಿದ್ದರೆ ಅಜ್ಜಿಗೂ ಸೊಸೆಗೂ ಅದು ನಿಜವೆಂದೇ ತೋರುತ್ತದೆ.

ಆದರೆ ಅವಸರ ಬೇಡ. ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ 1997ರಲ್ಲಿ ಇದಕ್ಕೆಂದೇ ಒಂದು ಪುಸ್ತಿಕೆ ಹೊರತಂದಿತು. ಡಕ್ಟ್ ಶುಚಿ ಮಾಡಿಸುವುದರಿಂದ ಕಾಯಿಲೆ ತಪ್ಪುತ್ತದೆ ಎಂಬುದು ಸಿದ್ಧವಾಗಿಲ್ಲ ಎನ್ನುವುದೇ ಅದರ ಸಾರಾಂಶ. ಕೊಳವೆಯೊಳಗಿನ ದೂಳಿನಲ್ಲಿ ಬಹುಭಾಗ ಗೋಡೆಗೆ ಅಂಟಿಕೊಂಡೇ ಇರುತ್ತದೆ, ಕೋಣೆಗೆ ಬರುವುದಿಲ್ಲ. ಗಾಳಿ ಹೊರಬರುವ ಜಾಲರಿಯ ಮೇಲೆ ಕಾಣುವ ತೆಳು ದೂಳಿಗೂ ಹೆದರಬೇಕಾಗಿಲ್ಲ. ಅದು ಸಹಜ, ಒರೆಸಿದರೆ ಹೋಗುತ್ತದೆ.

ಹಾಗಾದರೆ ಮಗುವಿಗೆ ತೊಂದರೆ ಕೊಡುತ್ತಿರುವುದು ಯಾವುದು? ಮೊದಲು ಮನೆಯೊಳಗೇ ನೋಡಿ. ಹಾಸಿಗೆ, ದಿಂಬು, ಕಾರ್ಪೆಟ್‌ಗಳಲ್ಲಿ ಬರಿಗಣ್ಣಿಗೆ ಕಾಣದ ದೂಳಿನ ನುಸಿಗಳು ವಾಸಿಸುತ್ತವೆ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದರೆ ಇವು ಸಾಯುತ್ತವೆ. ಇನ್ನು ನಮ್ಮ ಒಗ್ಗರಣೆ! ಅಲ್ಲಿನ ಎಷ್ಟೋ ಅಡುಗೆಮನೆಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಸೋಸಿ ಮತ್ತೆ ಒಳಗೇ ಬಿಡುತ್ತದೆ. ಮೆಣಸಿನಕಾಯಿಯ ಘಾಟು, ಊದುಬತ್ತಿಯ ಹೊಗೆ ಎರಡೂ ಮುಚ್ಚಿದ ಮನೆಯಲ್ಲಿ ಸುತ್ತುತ್ತಲೇ ಇರುತ್ತವೆ. ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ ಡಕ್ಟಿನ ಮಾತು ಆಮೇಲೆ.

ಡಕ್ಟ್ ಶುಚಿ ಮಾಡಿಸಲೇಬೇಕಾದ ಸಂದರ್ಭಗಳೂ ಇವೆ. ಜಾಲರಿಯ ತಿರುಪು ಬಿಚ್ಚಿ ಟಾರ್ಚ್ ಹಾಕಿ ನೋಡಿ. ಕೊಳವೆಯ ಒಳಗೋ ಯಂತ್ರದ ಭಾಗಗಳ ಮೇಲೋ ಗಣನೀಯವಾಗಿ ಬೂಷ್ಟು ಬೆಳೆದಿದ್ದರೆ, ಇಲಿ ಅಥವಾ ಹುಳುಗಳು ಸೇರಿಕೊಂಡಿದ್ದರೆ, ಕಸ ಕಟ್ಟಿಕೊಂಡು ಜಾಲರಿಯಿಂದ ಕೋಣೆಗೆ ದೂಳು ಉದುರುತ್ತಿದ್ದರೆ ತಡಮಾಡಬಾರದು. ಬೂಷ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ: ನೀರು ಎಲ್ಲಿಂದ ಜಿನುಗುತ್ತಿದೆ ಎಂದು ಕಂಡುಹಿಡಿದು ನಿಲ್ಲಿಸದಿದ್ದರೆ ಅದು ಮತ್ತೆ ಬಂದೇ ಬರುತ್ತದೆ. ಕೊಳವೆಯ ಒಳಗೆ ಹೊದಿಸಿದ ಗಾಜಿನೆಳೆಯ ಪದರ ಒದ್ದೆಯಾಗಿ ಬೂಷ್ಟು ಹಿಡಿದಿದ್ದರೆ ಶುಚಿ ಮಾಡಲು ಸಾಧ್ಯವಿಲ್ಲ. ಕಿತ್ತು ಹೊಸದು ಹಾಕಿಸಬೇಕು.

ಸರಿಯಾಗಿ ಮಾಡುವ ಕೆಲಸಕ್ಕೆ ಒಂದು ಯಂತ್ರವ್ಯವಸ್ಥೆಗೆ ಸಾಮಾನ್ಯವಾಗಿ 450ರಿಂದ 1,000 ಡಾಲರ್ ಆಗುತ್ತದೆಂದು ಅದೇ ಸಂಸ್ಥೆ ಹೇಳುತ್ತದೆ. 99 ಡಾಲರಿಗೆ ಬಂದವರು ಒಳಗೆ ಹೊಕ್ಕ ಮೇಲೆ ಬೇರೆ ಲೆಕ್ಕ ತೆಗೆಯಬಹುದು, ಇಲ್ಲವೇ ಅರೆಬರೆ ಕೆಲಸ ಮಾಡಿ, ಅಂಟಿಕೊಂಡಿದ್ದ ದೂಳನ್ನೆಲ್ಲ ಎಬ್ಬಿಸಿ ಹೋಗಬಹುದು. ಬೂಷ್ಟು ಇದೆ ಎಂದರೆ ಕಣ್ಣಾರೆ ತೋರಿಸಿ ಎನ್ನಿ. ಕ್ರಿಮಿನಾಶಕ ಸಿಂಪಡಿಸುತ್ತೇವೆಂದರೆ, ಏಕೆ, ಯಾವುದು ಎಂದು ತಿಳಿಯುವವರೆಗೆ ಒಪ್ಪಬೇಡಿ. ಹೊಗೆಗೆ ಕೆಮ್ಮುವ ಮಗು ಅದಕ್ಕೂ ಕೆಮ್ಮೀತು.

ಇದಕ್ಕಿಂತ ಅಗ್ಗದ, ಹೆಚ್ಚು ಉಪಯೋಗದ ಕೆಲಸವೆಂದರೆ ಯಂತ್ರದ ಫಿಲ್ಟರನ್ನು ತಯಾರಕರು ಹೇಳಿದ ಅವಧಿಗೆ ಬದಲಿಸುವುದು. ಮಗು ರಾತ್ರಿ ಕೆಮ್ಮುತ್ತಿದ್ದು, ಓಡಿದರೆ ಏದುಸಿರು, ಎದೆಯಲ್ಲಿ ಸಿಳ್ಳೆಯಂಥ ಶಬ್ದ ಇದ್ದರೆ ಅದು ಆಸ್ತಮಾ ಇರಬಹುದು. ಡಕ್ಟ್ ಶುಚಿಯಾಗಲೆಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಮಗ ಫೋನ್ ಮಾಡಿದಾಗ ಇನ್ನೆರಡು ವಿಷಯ ಕೇಳಿ. ಗ್ಯಾಸಿನಿಂದ ನಡೆಯುವ ಫರ್ನೇಸನ್ನು ಚಳಿಗಾಲಕ್ಕೆ ಮುಂಚೆ ಪರೀಕ್ಷೆ ಮಾಡಿಸಿದ್ದಾನೆಯೇ, ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ? ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯಬಲ್ಲದು. ಮತ್ತೆ, ಬಟ್ಟೆ ಒಣಗಿಸುವ ಡ್ರೈಯರಿನ ಹಿಂದಿನ ಕೊಳವೆ. ಅದು ಡಕ್ಟಿಗಿಂತ ಬೇರೆ. ಅಲ್ಲಿ ಸೇರುವ ನೂಲಿನ ಜುಂಗು ಬೆಂಕಿಗೆ ಆಹಾರ. ಅದನ್ನಂತೂ ವರ್ಷಕ್ಕೊಮ್ಮೆಯಾದರೂ ತಪ್ಪದೆ ತೆಗೆಯಿಸಬೇಕು.