ಜಲಜನಕದ ಕಾರಿನ ಬಳಿಕ ಯಾವ ಕಾರು?

ಹೊಸದೊಂದನ್ನು ಕಂಡುಹಿಡಿದವನ ಸಾಹಸವನ್ನು ಲೋಕವು ಕೊಂಡಾಡುತ್ತದೆ. ಆ ಹೊಸದನ್ನು ಮೊತ್ತಮೊದಲು ಹಣ ತೆತ್ತು ಕೊಂಡವನ ಸಾಹಸವನ್ನು ಗಮನಿಸುವವರು ವಿರಳ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಜಲಜನಕದಿಂದ ಓಡುವ ಕಾರನ್ನು ಕೊಂಡ ಸಾವಿರಾರು ಕುಟುಂಬಗಳು ಅಂತಹ ಸಾಹಸಿಗಳ ಸಾಲಿಗೆ ಸೇರಿದವು. ಅವುಗಳ ಮುಂದೆ ಈಗ ಒಂದು ಪ್ರಶ್ನೆ ನಿಂತಿದೆ: ಇದರ ಬಳಿಕ ಯಾವ ಕಾರನ್ನು ಕೊಳ್ಳಬೇಕು? ಮೇಲ್ನೋಟಕ್ಕೆ ಇದು ಹಣವಂತರ ಮನೆಯ ಮಾತೆಂದು ತೋರಬಹುದು. ಒಳಹೊಕ್ಕು ನೋಡಿದರೆ ನಮ್ಮ ತರಗತಿಗಳಲ್ಲಿ ಬೇರೆ ಬೇರೆ ಗಂಟೆಗಳಲ್ಲಿ ಕಲಿಯುವ ರಸಾಯನಶಾಸ್ತ್ರ, ಅಂಕಗಣಿತ, ಅರ್ಥಶಾಸ್ತ್ರಗಳು ಮೂರೂ ಇಲ್ಲಿ ಒಂದೇ ಕಡೆ ಕೂಡುತ್ತವೆ. ಆದುದರಿಂದಲೇ ಇದನ್ನು ವಿದ್ಯಾರ್ಥಿಮಿತ್ರರ ಮುಂದಿಡಲು ನಾವು ಬಯಸಿದೆವು.

ಮೊದಲು ಜಲಜನಕದ ವಿಚಾರ. 1766ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಇದನ್ನು ಪ್ರತ್ಯೇಕವಾದೊಂದು ಅನಿಲವೆಂದು ಗುರುತಿಸಿದನು. ಇದು ಆಮ್ಲಜನಕದೊಡನೆ ಕೂಡಿ ಉರಿದಾಗ ನೀರು ಹುಟ್ಟುವುದನ್ನು ಅರಿತ ಫ್ರಾನ್ಸಿನ ಲಾವಾಸಿಯೇ 'ನೀರನ್ನು ಹುಟ್ಟಿಸುವುದು' ಎಂಬ ಅರ್ಥದ ಹೆಸರನ್ನು ಅದಕ್ಕಿಟ್ಟನು. ನಮ್ಮ ಪಠ್ಯಪುಸ್ತಕಗಳ 'ಜಲಜನಕ'ವು ಅದೇ ಹೆಸರಿನ ಕನ್ನಡ ರೂಪ. ಒಂದು ಕಿಲೋಗ್ರಾಂ ಜಲಜನಕವು ಎಂಟು ಕಿಲೋಗ್ರಾಂ ಆಮ್ಲಜನಕದೊಡನೆ ಕೂಡಿದರೆ ಒಂಬತ್ತು ಕಿಲೋಗ್ರಾಂ ನೀರಾಗುತ್ತದೆ.

ಈ ಕೂಡಿಕೆಯು ಬೆಂಕಿಯಿಲ್ಲದೆಯೂ ನಡೆಯಬಲ್ಲದು. 1839ರ ಸುಮಾರಿಗೆ ವಿಲಿಯಂ ಗ್ರೋವ್ ಎಂಬಾತನು ಜಲಜನಕ ಮತ್ತು ಆಮ್ಲಜನಕಗಳನ್ನು ಪ್ಲಾಟಿನಂ ಲೋಹದ ಸಾನ್ನಿಧ್ಯದಲ್ಲಿ ಕೂಡಿಸಿ ವಿದ್ಯುತ್ತನ್ನು ಪಡೆದನು. ಇದೇ ಇಂಧನಕೋಶದ ಮೂಲ. ಜಲಜನಕದ ಕಾರಿನೊಳಗೆ ಇಂತಹ ನೂರಾರು ಕೋಶಗಳನ್ನು ಪುಸ್ತಕದ ಹಾಳೆಗಳಂತೆ ಒಂದರ ಪಕ್ಕದಲ್ಲೊಂದು ಜೋಡಿಸಿರುತ್ತಾರೆ. ತೊಟ್ಟಿಯ ಜಲಜನಕವೂ ಹೊರಗಿನ ಗಾಳಿಯ ಆಮ್ಲಜನಕವೂ ಅಲ್ಲಿ ಕೂಡುತ್ತವೆ. ಹುಟ್ಟಿದ ವಿದ್ಯುತ್ತು ಮೋಟಾರನ್ನು ತಿರುಗಿಸುತ್ತದೆ. ಹಿಂದಿನ ಕೊಳವೆಯಿಂದ ನೀರು ತೊಟ್ಟಿಕ್ಕುತ್ತದೆ. ಹೊಗೆಯಿಲ್ಲ, ಸದ್ದಿಲ್ಲ. ಜಪಾನಿನ ಟೊಯೋಟಾ ಸಂಸ್ಥೆಯು 2014ರ ಡಿಸೆಂಬರಿನಲ್ಲಿ ತನ್ನ ದೇಶದಲ್ಲಿಯೂ, 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿಯೂ 'ಮಿರಾಯಿ' ಎಂಬ ಇಂತಹ ಕಾರನ್ನು ಮಾರಾಟಕ್ಕೆ ತಂದಿತು. ಜಪಾನೀ ಭಾಷೆಯಲ್ಲಿ ಮಿರಾಯಿ ಎಂದರೆ 'ಭವಿಷ್ಯ'. ತೊಟ್ಟಿ ತುಂಬಿಸಲು ಐದು ನಿಮಿಷ ಸಾಕು. ಸುಮಾರು ಐದು ಕಿಲೋಗ್ರಾಂ ಅನಿಲದಲ್ಲಿ ಐದುನೂರು ಕಿಲೋಮೀಟರುಗಳ ಪಯಣ. ಎಂದರೆ ಒಂದು ಕಿಲೋಗ್ರಾಮಿಗೆ ನೂರು ಕಿಲೋಮೀಟರು. ಈ ಅಂಕಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಇಷ್ಟು ಗುಣವುಳ್ಳ ಕಾರಿಗೆ ಬಂದ ಕಷ್ಟವಾದರೂ ಏನು? ಕಷ್ಟವು ಕಾರಿನಲ್ಲಿರಲಿಲ್ಲ, ಅದರ ಮೇವಿನಲ್ಲಿತ್ತು. ಆನೆಯನ್ನು ಮನೆಗೆ ತಂದವನು ಅದರ ಮೇವಿಗೂ ದಾರಿ ನೋಡಿಕೊಳ್ಳಬೇಕಷ್ಟೆ.

ಜಲಜನಕವು ಧಾತುಗಳಲ್ಲೆಲ್ಲ ಅತ್ಯಂತ ಹಗುರವಾದುದು. ಹಗುರವಾದುದನ್ನು ಸ್ವಲ್ಪ ಸ್ಥಳದಲ್ಲಿ ಹಿಡಿದಿಡಬೇಕಾದರೆ ಬಲವಾಗಿ ಒತ್ತಬೇಕು. ನಮ್ಮ ಮುಂಬಯಿಯ ರಿಕ್ಷಾಗಳಲ್ಲಿ ಸಿ.ಎನ್.ಜಿ.ಯನ್ನು ವಾಯುಭಾರದ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿಸುತ್ತಾರೆ. ಜಲಜನಕದ ಕಾರಿನಲ್ಲಿ ಆ ಒತ್ತಡವು 700 ಪಟ್ಟು. ಅಷ್ಟು ಬೇಗನೆ ಅಷ್ಟು ಒತ್ತಿ ತುಂಬುವಾಗ ತೊಟ್ಟಿಯು ಕಾಯುವುದರಿಂದ ಅನಿಲವನ್ನು ಸೊನ್ನೆಗಿಂತ 40 ಡಿಗ್ರಿಗಳಷ್ಟು ಕೆಳಕ್ಕೆ ತಂಪುಮಾಡಿ ಹಾಯಿಸಬೇಕಾಗುತ್ತದೆ. ಗಾಳಿಯ ತೇವವು ಹೆಪ್ಪುಗಟ್ಟಿ ಪಂಪಿನ ಮೂತಿಯು ಕಾರಿಗೆ ಅಂಟಿಕೊಂಡು, ಬಿಡಿಸಲು ಕೆಲವು ನಿಮಿಷ ಕಾಯಬೇಕಾದ ಪ್ರಸಂಗಗಳು ಅಲ್ಲಿ ಸಾಮಾನ್ಯ. ಇಂತಹ ಪಂಪನ್ನು ಕಟ್ಟಲು ಅಪಾರ ಹಣ ಬೇಕು. ನಡೆಸಲು ನುರಿತ ಕೈಗಳು ಬೇಕು.

ಕ್ಯಾಲಿಫೋರ್ನಿಯಾದ ಸರಕಾರವು ಇದಕ್ಕೆ ಹಿಂಜರಿಯಲಿಲ್ಲ. 2004ರಲ್ಲಿ ಅಲ್ಲಿನ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರು 2010ರೊಳಗಾಗಿ 'ಜಲಜನಕ ಹೆದ್ದಾರಿ'ಯನ್ನು ನಿರ್ಮಿಸುವ ಯೋಜನೆಯನ್ನು ಸಾರಿದರು. 2013ರ ಒಂದು ಶಾಸನವು ನೂರು ಪಂಪುಗಳ ಗುರಿಯನ್ನಿಟ್ಟು ಹಣವನ್ನೂ ಒದಗಿಸಿತು. ಆದರೂ ಹತ್ತು ವರ್ಷಗಳ ಬಳಿಕ ಅಲ್ಲಿದ್ದ ಪಂಪುಗಳು ಐವತ್ತರ ಆಸುಪಾಸು ಮಾತ್ರ; ಅವುಗಳಲ್ಲಿಯೂ ಹೆಚ್ಚಿನವು ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಗರಗಳ ಸುತ್ತಮುತ್ತ. 2019ರ ಜೂನ್ ತಿಂಗಳಲ್ಲಿ ಸಾಂತಾ ಕ್ಲಾರಾದ ಒಂದು ಜಲಜನಕ ಘಟಕದಲ್ಲಿ ಸ್ಫೋಟವಾದಾಗ ಉತ್ತರ ಭಾಗದ ಪಂಪುಗಳಿಗೆ ಅನಿಲವು ಬರುವುದೇ ಕಷ್ಟವಾಯಿತು. 2024ರ ಫೆಬ್ರವರಿಯಲ್ಲಿ ಷೆಲ್ ಸಂಸ್ಥೆಯು ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗಾಗಿ ತಾನು ನಡೆಸುತ್ತಿದ್ದ ಜಲಜನಕ ಪಂಪುಗಳನ್ನು ಶಾಶ್ವತವಾಗಿ ಮುಚ್ಚುವುದಾಗಿ ತಿಳಿಸಿತು.

ಬೆಲೆಯ ಕತೆಯೂ ಹೀಗೆಯೇ. ಆರಂಭದಲ್ಲಿ ಕಿಲೋಗ್ರಾಮಿಗೆ ಸುಮಾರು 16 ಡಾಲರ್ ಇದ್ದ ಜಲಜನಕವು 2023ರ ಕೊನೆಗೆ ಅನೇಕ ಪಂಪುಗಳಲ್ಲಿ 36 ಡಾಲರುಗಳಿಗೆ ಏರಿತು. ಕಾರನ್ನು ಮಾರುವಾಗ ಕಂಪನಿಯು 15,000 ಡಾಲರುಗಳವರೆಗಿನ ಜಲಜನಕವನ್ನು ಉಚಿತವಾಗಿ ತುಂಬಿಸಿಕೊಳ್ಳುವ ಕಾರ್ಡನ್ನು ಕೊಡುತ್ತಿತ್ತು. ಕೊಂಡವರಲ್ಲಿ ಬಹುಮಂದಿಯ ಲೆಕ್ಕಾಚಾರವು ಈ ಕಾರ್ಡಿನ ಮೇಲೆಯೇ ನಿಂತಿದ್ದಿತು. ಈಗ ನಮ್ಮ ಅಂಕಗಣಿತವನ್ನು ಹಚ್ಚಿ ನೋಡೋಣ. 16 ಡಾಲರಿನ ಕಾಲದಲ್ಲಿ ಆ ಕಾರ್ಡಿನಿಂದ 937 ಕಿಲೋಗ್ರಾಂ, ಎಂದರೆ ಸುಮಾರು 93,700 ಕಿಲೋಮೀಟರುಗಳ ಪಯಣ. 36 ಡಾಲರಿಗೆ ಅದೇ ಕಾರ್ಡಿನಿಂದ 416 ಕಿಲೋಗ್ರಾಂ, ಸುಮಾರು 41,600 ಕಿಲೋಮೀಟರು. ಕಾರ್ಡಿನ ಮೇಲೆ ಬರೆದ ಮೊತ್ತವು ಬದಲಾಗಲಿಲ್ಲ. ಅದರ ಬೆಲೆಯು ಅರ್ಧಕ್ಕಿಂತಲೂ ಕೆಳಗಿಳಿಯಿತು. ಕಾರ್ಡು ಮುಗಿದ ದಿನದಿಂದ ಒಂದು ತೊಟ್ಟಿಗೆ ಮಾಲೀಕನು 180 ಡಾಲರುಗಳನ್ನು ತನ್ನ ಕಿಸೆಯಿಂದಲೇ ತೆರಬೇಕು. ಇಂತಹ ಕಾರನ್ನು ಮತ್ತೊಬ್ಬನು ಕೊಳ್ಳಬಯಸುವನೆ? ಹೊಸದಾಗಿದ್ದಾಗ 50,000 ಡಾಲರುಗಳ ಆಸುಪಾಸಿನಲ್ಲಿದ್ದ ಕಾರುಗಳು ಕೆಲವೇ ವರ್ಷಗಳಲ್ಲಿ ಅದರ ಚಿಕ್ಕದೊಂದು ಪಾಲಿಗೆ ಇಳಿದವು. ಸಾಲ ಮಾಡಿ ಕೊಂಡವರ ಪೈಕಿ ಎಷ್ಟೋ ಮಂದಿಗೆ ಉಳಿದ ಸಾಲವೇ ಕಾರಿನ ಬೆಲೆಗಿಂತ ದೊಡ್ಡದಾಯಿತು. 2024ರಲ್ಲಿ ಕೆಲವು ಮಾಲೀಕರು ನ್ಯಾಯಾಲಯದ ಬಾಗಿಲನ್ನೂ ತಟ್ಟಿದರು.

ಇಂತಹ ಮಾಲೀಕನು ಮುಂದಿನ ಕಾರನ್ನು ಹೇಗೆ ಆರಿಸಬೇಕು? ಅವನು ತನ್ನನ್ನೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ದಿನವೊಂದಕ್ಕೆ ನಾನು ಎಷ್ಟು ದೂರ ಓಡಾಡುತ್ತೇನೆ? ರಾತ್ರಿ ನನ್ನ ಕಾರು ನಿಲ್ಲುವಲ್ಲಿ ವಿದ್ಯುತ್ತಿನ ಪ್ಲಗ್ ಇದೆಯೆ? ಇಂಧನದ ಒಂದು ದಾರಿ ಮುಚ್ಚಿದರೆ ನನಗೆ ಎರಡನೆಯ ದಾರಿಯಿದೆಯೆ?

ಮನೆಯಲ್ಲಿ ಪ್ಲಗ್ ಉಳ್ಳವನಿಗೆ ಬ್ಯಾಟರಿಯ ಕಾರು ಸಹಜವಾದ ಮುಂದಿನ ಹೆಜ್ಜೆ. ಓಡಿಸುವಾಗ ಅದೇ ನಿಶ್ಶಬ್ದತೆ, ಅದೇ ಹೊಗೆಯಿಲ್ಲದ ಓಟ. ಏಕೆಂದರೆ ಜಲಜನಕದ ಕಾರೂ ಒಳಗೆ ವಿದ್ಯುತ್ತಿನ ಕಾರೇ ಆಗಿದೆ. ಅಲ್ಲದೆ ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋಗ್ರಾಂ ಜಲಜನಕವನ್ನು ಪಡೆದು ಒತ್ತಿ ತುಂಬಿಸಲು ಸುಮಾರು 55 ಯೂನಿಟ್ ಖರ್ಚಾಗುತ್ತದೆ. ಅದರಿಂದ ನೂರು ಕಿಲೋಮೀಟರು ಸಾಗಬಹುದೆಂದು ಮೇಲೆ ಹೇಳಿದೆವು. ಅದೇ 55 ಯೂನಿಟ್ಟನ್ನು ನೇರವಾಗಿ ಬ್ಯಾಟರಿಗೆ ಊಡಿದರೆ ಸುಮಾರು ಮುನ್ನೂರು ಕಿಲೋಮೀಟರು ಸಾಗಬಹುದು. ವಿದ್ಯುತ್ತಿನಿಂದ ಅನಿಲ, ಅನಿಲದಿಂದ ಮತ್ತೆ ವಿದ್ಯುತ್ತು ಎಂಬ ಸುತ್ತುದಾರಿಯಲ್ಲಿ ಶಕ್ತಿಯ ಬಹುಭಾಗವು ಸೋರಿಹೋಗುತ್ತದೆ. ಶಕ್ತಿಯು ನಾಶವಾಗುವುದಿಲ್ಲವೆಂಬ ನಿಯಮವನ್ನು ನಾವು ಓದಿದ್ದೇವೆ. ಆದರೆ ಅದು ಬಿಸಿಯಾಗಿ ಚದುರಿ ನಮ್ಮ ಉಪಯೋಗಕ್ಕೆ ಬಾರದೆ ಹೋಗುವುದುಂಟು.

ಖರ್ಚನ್ನೂ ಹೋಲಿಸೋಣ. ನೂರು ಕಿಲೋಮೀಟರಿಗೆ ಜಲಜನಕವು 36 ಡಾಲರ್. ಯೂನಿಟ್ಟಿಗೆ 30 ಸೆಂಟ್ ಎಂದಿಟ್ಟುಕೊಂಡರೆ ಬ್ಯಾಟರಿಯ ಕಾರಿಗೆ ಅಷ್ಟೇ ದೂರಕ್ಕೆ ಐದೂವರೆ ಡಾಲರ್. ಹೈಬ್ರಿಡ್ ಎಂಬ ಪೆಟ್ರೋಲ್ ಕಾರಿಗೆ ಐದು ಲೀಟರ್ ಬೇಕು. ಗ್ಯಾಲನ್ನಿಗೆ 5 ಡಾಲರ್ ಬೆಲೆಯಾದರೆ ಆರೂವರೆ ಡಾಲರುಗಳಿಗೆ ಸ್ವಲ್ಪ ಹೆಚ್ಚು.

ಮಹಡಿಯ ಬಾಡಿಗೆಮನೆಯಲ್ಲಿದ್ದು ಕಾರನ್ನು ಬೀದಿಯಲ್ಲಿ ನಿಲ್ಲಿಸುವವನಿಗೆ ಪ್ಲಗ್ ಎಲ್ಲಿಂದ ಬರಬೇಕು? ಅಂತಹವನಿಗೆ ಹೈಬ್ರಿಡ್ ಕಾರೇ ಸೂಕ್ತ. ಇದು ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟುಕೊಂಡು ಪೆಟ್ರೋಲನ್ನು ಉಳಿಸುತ್ತದೆ. ದಿನವೂ ಹತ್ತಿರದಲ್ಲಿ ಓಡಾಡಿ, ಎಂದಾದರೊಮ್ಮೆ ದೂರಕ್ಕೆ ಹೋಗುವವನು ಪ್ಲಗ್ಗಿನಿಂದಲೂ ತುಂಬಿಸಬಹುದಾದ ಹೈಬ್ರಿಡ್ಡನ್ನು ಕೊಳ್ಳಬಹುದು. ಇನ್ನು ಮನೆಯ ಬಳಿಯೇ ಪಂಪು ಇದ್ದು, ಕಾರ್ಡಿನಲ್ಲಿ ಹಣವೂ ಮಿಕ್ಕಿರುವವನು ಕೈಯಲ್ಲಿರುವ ಕಾರನ್ನು ಅಗ್ಗಕ್ಕೆ ಮಾರಿ ನಷ್ಟಪಡುವುದಕ್ಕಿಂತ ಆ ಕಾರ್ಡು ಮುಗಿಯುವವರೆಗೆ ಓಡಿಸುವುದೇ ಜಾಣತನ. ಆದರೆ ಮಿರಾಯಿಯ ಅನಿಲದ ತೊಟ್ಟಿಗಳಿಗೆ ತಯಾರಾದಂದಿನಿಂದ ಹದಿನೈದು ವರ್ಷಗಳ ಅವಧಿಯಿದೆ. ಅದು ಕಳೆದ ಮೇಲೆ ತುಂಬಿಸಬಾರದೆಂಬ ತಾರೀಖನ್ನು ಕಾರಿನ ಮೇಲೆಯೇ ಬರೆದಿರುತ್ತಾರೆ.

ಪರಿಸರದ ಮೇಲಿನ ಪ್ರೀತಿಯಿಂದ ಜಲಜನಕದ ಕಾರನ್ನು ಕೊಂಡವನಿಗೆ ಪೆಟ್ರೋಲಿಗೆ ಮರಳುವುದು ಸೋಲೆಂದು ಅನಿಸಬಹುದು. ಆ ದುಃಖವು ಸುಳ್ಳಲ್ಲ. ಆದರೂ ಒಂದು ಸಂಗತಿಯನ್ನು ತಿಳಿದಿರಬೇಕು. ಜಗತ್ತಿನಲ್ಲಿ ಇಂದು ತಯಾರಾಗುವ ಜಲಜನಕದಲ್ಲಿ ಬಹುಪಾಲು ನೀರಿನಿಂದ ಬಂದುದಲ್ಲ. ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲುಗಳಿಂದ ಬಂದುದು. ನೈಸರ್ಗಿಕ ಅನಿಲದಿಂದ ಒಂದು ಕಿಲೋಗ್ರಾಂ ಜಲಜನಕವನ್ನು ತೆಗೆಯುವಾಗ ಒಂಬತ್ತು ಹತ್ತು ಕಿಲೋಗ್ರಾಂ ಇಂಗಾಲಾಮ್ಲವು ಗಾಳಿಗೆ ಸೇರುತ್ತದೆ. ಹೈಬ್ರಿಡ್ ಕಾರು ಅದೇ ನೂರು ಕಿಲೋಮೀಟರಿಗೆ ಉರಿಸುವ ಐದು ಲೀಟರ್ ಪೆಟ್ರೋಲಿನಿಂದ ಬರುವುದು ಹನ್ನೊಂದೂವರೆ ಕಿಲೋಗ್ರಾಂ. ಹೊಗೆಯು ಕಾರಿನ ಹಿಂದೆ ಕಾಣಿಸಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಲ್ಲ. ಅದು ಎಲ್ಲೋ ದೂರದ ಕಾರ್ಖಾನೆಯ ಚಿಮಣಿಯಲ್ಲಿದ್ದಿತು. ಗಾಳಿ ಮತ್ತು ಬಿಸಿಲುಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದುದೇ ನಿಜವಾದ 'ಹಸಿರು ಜಲಜನಕ'. ಅದರ ದಿನಗಳು ಇನ್ನೂ ಬರಬೇಕಾಗಿವೆ.

ಹಾಗಾದರೆ ಜಲಜನಕವು ನಿಷ್ಪ್ರಯೋಜಕವೆ? ಖಂಡಿತ ಅಲ್ಲ. ರಸಗೊಬ್ಬರದ ಅಮೋನಿಯಾ ತಯಾರಿಸಲು ಜಲಜನಕ ಬೇಕೇ ಬೇಕು. ಕಲ್ಲಿದ್ದಲಿಲ್ಲದೆ ಕಬ್ಬಿಣದ ಅದಿರಿನಿಂದ ಲೋಹವನ್ನು ತೆಗೆಯಲು ಅದು ನೆರವಾಗಬಲ್ಲದು. ಒಂದೇ ಡಿಪೋದಿಂದ ಹೊರಟು ಅಲ್ಲಿಗೇ ಮರಳುವ ಬಸ್ಸುಗಳಿಗೆ ಊರೆಲ್ಲ ಪಂಪುಗಳು ಬೇಡ, ಒಂದಿದ್ದರೆ ಸಾಕು. ನಮ್ಮ ದೇಶವೂ ಈ ದಾರಿಯನ್ನು ಪರೀಕ್ಷಿಸುತ್ತಿದೆ. 2022ರ ಮಾರ್ಚಿಯಲ್ಲಿ ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು ಭಾರತದ ರಸ್ತೆಗಳಲ್ಲಿ ಮಿರಾಯಿಯನ್ನು ಪರೀಕ್ಷಿಸುವ ಪ್ರಯೋಗವನ್ನು ಆರಂಭಿಸಿತು. ಸಚಿವ ನಿತಿನ್ ಗಡ್ಕರಿಯವರು ಆ ಕಾರಿನಲ್ಲಿ ಸಂಸತ್ ಭವನಕ್ಕೆ ಬಂದರು. 2023ರ ಜನವರಿಯಲ್ಲಿ ಕೇಂದ್ರ ಸರಕಾರವು 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆಯಿತ್ತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಜಲಜನಕದ ಬಸ್ಸುಗಳ ಪ್ರಯೋಗವು ಮೊದಲಾಯಿತು.

ಕ್ಯಾಲಿಫೋರ್ನಿಯಾದ ಕುಟುಂಬಗಳು ತಮ್ಮ ಹಣದಿಂದ ಕಲಿತ ಪಾಠವು ನಮಗೆ ಹಣವಿಲ್ಲದೆಯೇ ದೊರಕಿದೆ. ಯಂತ್ರವೊಂದು ಎಷ್ಟೇ ಉತ್ತಮವಾಗಿರಲಿ, ಅದು ಒಂಟಿಯಾಗಿ ಬಾಳಲಾರದು. ಅದರ ಹಿಂದೆ ಪಂಪು ಬೇಕು, ಪಂಪಿನ ಹಿಂದೆ ಕಾರ್ಖಾನೆ ಬೇಕು, ಕಾರ್ಖಾನೆಯ ಹಿಂದೆ ಸಾಕಷ್ಟು ಗಿರಾಕಿಗಳು ಬೇಕು. ಗಿರಾಕಿಗಳು ಕಡಿಮೆಯೆಂದು ಪಂಪು ಮುಚ್ಚಿತು; ಪಂಪು ಮುಚ್ಚಿತೆಂದು ಗಿರಾಕಿಗಳು ದೂರವಾದರು. ಬ್ಯಾಟರಿಯ ಕಾರಿಗೆ ಈ ತೊಡಕು ಅಷ್ಟಾಗಿ ಬರಲಿಲ್ಲ. ಅದು ಈಗಿನ ರೂಪದಲ್ಲಿ ಬರುವ ಮೊದಲೇ ವಿದ್ಯುತ್ತಿನ ತಂತಿಯು ಮನೆ ಮನೆಗೆ ಬಂದಿತ್ತು.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಇಂಜಿನಿಯರುಗಳಾಗಬಹುದು, ಕೆಲವರು ಕಾರನ್ನು ಕೊಳ್ಳಬಹುದು, ಕೆಲವರು ಕಾರನ್ನು ಓಡಿಸಿ ಬಾಳಬಹುದು. ಯಾರೇ ಆಗಲಿ, ಹೊಸ ವಸ್ತುವೊಂದನ್ನು ಕಂಡಾಗ 'ಇದು ಹೇಗೆ ಓಡುತ್ತದೆ?' ಎಂದು ಕೇಳಿದರೆ ಸಾಲದು. 'ಇದರ ಮೇವು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ, ನಾಳೆ ಅವರು ತರದಿದ್ದರೆ ಏನು?' ಎಂದೂ ಕೇಳಬೇಕು. ಹಾಗೆಂದು ಹೊಸದಕ್ಕೆ ಹೆದರಬೇಕಾಗಿಲ್ಲ. ಮೊದಲು ಕೊಂಡವರ ಧೈರ್ಯವಿಲ್ಲದಿದ್ದರೆ ಯಾವ ಹೊಸ ವಿದ್ಯೆಯೂ ಪ್ರಯೋಗಶಾಲೆಯ ಹೊಸ್ತಿಲನ್ನು ದಾಟುತ್ತಿರಲಿಲ್ಲ. ಆ ಧೈರ್ಯದೊಡನೆ ಲೆಕ್ಕವೂ ಇರಲಿ ಎಂಬುದೇ ನಮ್ಮ ಹಾರೈಕೆ.