ದೂರದ ಹಕ್ಕಿಗೆ ಅಗ್ಗದ ಲೆನ್ಸ್

ರಂಗನತಿಟ್ಟಿನ ದೋಣಿಯಲ್ಲಿ ಕುಳಿತು, ಕ್ಯಾಮೆರಾದೊಡನೆ ಬಂದ ಸಣ್ಣ ಲೆನ್ಸಿನಿಂದಲೇ ಕೊಕ್ಕರೆಯನ್ನು ಸೆರೆಹಿಡಿಯಹೊರಟವರಿಗೆ, ಅದು ಚಿತ್ರದಲ್ಲಿ ಬರಿಯ ಬಿಳಿಯ ಚುಕ್ಕೆಯಾಗಿ ಉಳಿಯುವುದೆಂಬುದು ಅನುಭವವೇದ್ಯ. ಆಗ ಟೆಲಿಫೋಟೊ ಜೂಮ್ ಲೆನ್ಸೊಂದರ ಅಭಿಲಾಷೆ ಹುಟ್ಟುವುದು ಸಹಜವಾದರೂ, 250 ಮಿಲಿಮೀಟರಿಗಿಂತ 300 ದೊಡ್ಡದೆಂಬ ಒಂದೇ ಕಾರಣಕ್ಕೆ ಮಾರುಹೋಗುವುದು ವಿವೇಕವಲ್ಲ.

ಕೆನಾನಿನ ಅಗ್ಗದ 75-300 ಮಿಲಿಮೀಟರ್ ಲೆನ್ಸಿನಲ್ಲಿ ಕೈಯ ಕಂಪನವನ್ನು ಶಮನಗೊಳಿಸುವ ವ್ಯವಸ್ಥೆಯೇ ಇಲ್ಲ; ಅದೇ ಸಂಸ್ಥೆಯ 55-250 ಎಸ್‌ಟಿಎಂ ಲೆನ್ಸಿನಲ್ಲಿ ಅದುಂಟು, ಮೇಲಾಗಿ ಚಿತ್ರವೂ ಹೆಚ್ಚು ಸ್ಫುಟ. ಚಿಕ್ಕ ಸೆನ್ಸರಿನ ಕೆನಾನ್ ಕ್ಯಾಮೆರಾದಲ್ಲಿ ಆ 250, ಫುಲ್‌ಫ್ರೇಮ್ ಕ್ಯಾಮೆರಾದ 400 ಮಿಲಿಮೀಟರಿಗೆ ಸಮಾನವಾದ ನೋಟವನ್ನೇ ನೀಡುವಾಗ, ಇನ್ನೇನು ಬೇಕು? ನಿಕಾನಿನವರು ಎಎಫ್-ಪಿ ಡಿಎಕ್ಸ್ 70-300ನ್ನು ಕೊಳ್ಳುವುದಾದರೆ, ಹೆಸರಿನಲ್ಲಿ ಕಂಪನನಿವಾರಣೆಯನ್ನು ಸೂಚಿಸುವ ‘ವಿಆರ್’ ಎಂಬ ಅಕ್ಷರಗಳಿರುವುದನ್ನೇ ಆರಿಸತಕ್ಕದ್ದು. ಹಳೆಯ ಕೆಲವು ಕ್ಯಾಮೆರಾಗಳಲ್ಲಿ ಅದು ಫೋಕಸ್ಸೇ ಆಗದೆಂಬುದೂ ನೆನಪಿರಲಿ.

ಕಂಪನನಿವಾರಣೆಯು ನಿಮ್ಮ ಕೈಯನ್ನು ಸ್ಥಿರಗೊಳಿಸಬಲ್ಲುದೇ ಹೊರತು ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕ್ಷಿಪ್ರವಾದ ಶಟರ್ ಬೇಕು, ಮತ್ತು ಇಂಥ ಲೆನ್ಸುಗಳ ಕಿರಿದಾದ ಅಪರ್ಚರ್ ಸಂಜೆಯ ಮಂದಪ್ರಕಾಶದಲ್ಲಿ ಅದಕ್ಕೆ ಅವಕಾಶವೀಯದಾದುದರಿಂದ ಐಎಸ್‌ಒವನ್ನು ಏರಿಸಲೇಬೇಕಾಗುತ್ತದೆ.

ಬಳಸಿದ ಲೆನ್ಸಾದರೂ ಹಾನಿಯಿಲ್ಲ. ಆದರೆ ಕರಾವಳಿ, ಮಲೆನಾಡುಗಳ ತೇವದಲ್ಲಿ ಗಾಜಿನೊಳಗೆ ಬೂಷ್ಟು ಬೆಳೆಯುವುದುಂಟು; ಬೆಳಕಿಗೆ ಹಿಡಿದು ಪರೀಕ್ಷಿಸಿ, ನಿಮ್ಮದೇ ಕ್ಯಾಮೆರಾಕ್ಕೆ ಜೋಡಿಸಿ, ತುದಿಯವರೆಗೂ ಜೂಮ್ ಮಾಡಿ ಚಿತ್ರ ತೆಗೆದು ನೋಡಿದ ಮೇಲೆಯೇ ಹಣ ಕೊಡಿರಿ.